ಮೂರನೇ ಪೈಪಿನ ಮಣ್ಣು

ಕಳೆದ ಆಯುಧಪೂಜೆಯ ದಿನ ನಾನು ಮೂರು ಪ್ಲಾಸ್ಟಿಕ್ ಪೈಪುಗಳಿಗೆ ಆರತಿ ಎತ್ತಿದೆ.

ನಗಬೇಡಿ. ಸ್ಕೂಟರಿಗೆ ಎತ್ತುತ್ತೇವೆ. ಮಿಕ್ಸಿಗೆ ಎತ್ತುತ್ತೇವೆ. ನಮ್ಮ ಬೀದಿಯ ಇಸ್ತ್ರಿ ಅಂಗಡಿಯವರು ಇಸ್ತ್ರಿಪೆಟ್ಟಿಗೆಗೆ ಹಾರ ಹಾಕಿ, ಆ ದಿನ ಯಾರ ಬಟ್ಟೆಯನ್ನೂ ಮುಟ್ಟುವುದಿಲ್ಲ. ಹಾಗಿರುವಾಗ ಪೈಪು ಏನು ತಪ್ಪು ಮಾಡಿತ್ತು? ಅದು ನನ್ನ ಮೊಮ್ಮಗಳ ಆಯುಧ.

ತಪ್ಪು ಮಾಡಿದ್ದು ಪೈಪಲ್ಲ, ನಾನು. ಅದನ್ನು ಈ ವಾರ ಬರೆಯುತ್ತೇನೆಂದು ಮನೆಯಲ್ಲಿ ಹೇಳಿದಾಗ ಸೊಸೆ, “ಬೇಡ ಅತ್ತೆ, ಜನ ಏನಂದ್ಕೋತಾರೆ” ಎಂದಳು. ಮೊಮ್ಮಗಳು ಮಾತ್ರ, “ಬರಿ ಅಜ್ಜಿ, ನನ್ನ ಹೆಸರು ಹಾಕಿ ಬರಿ” ಎಂದಳು. ಈ ಪುಟವನ್ನು ವಾರವಾರ ಓದುವ ಮಕ್ಕಳೇ (ನನ್ನ ಸ್ವಂತ ಮೊಮ್ಮಕ್ಕಳು ಮೂವರೇ, ಓದಿ ಫೋನ್ ಮಾಡುವವರೆಲ್ಲ ಸೇರಿದರೆ ದೊಡ್ಡ ಸಂಸಾರ), ಅವಳ ಮಾತು ಕೇಳಿ ಬರೆಯುತ್ತಿದ್ದೇನೆ.

ಅವಳ ಹೆಸರು ರಕ್ಷಿತಾ. ಮಗನ ಮಗಳು. ಶಿವಮೊಗ್ಗದಲ್ಲೇ ಎಂ.ಎಸ್ಸಿ. ಓದುತ್ತಾಳೆ, ಪರಿಸರ ವಿಜ್ಞಾನ. ನಾನು ಊರ ಶಾಲೆಯಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು. ಅವಳ ಪುಸ್ತಕ ನನಗೆ ಅರ್ಥವಾಗುವುದಿಲ್ಲ. ಅವಳು ಅರ್ಥ ಮಾಡಿಸದೆ ಬಿಡುವುದೂ ಇಲ್ಲ.

ಅವಳು ಪ್ರಾಜೆಕ್ಟಿಗೆ ಆರಿಸಿಕೊಂಡದ್ದು ಒಂದು ಹಳೆಯ ಗಣಿ. ಭದ್ರಾವತಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೆಸರು ಬೇಡ, ಅದು ಮುಚ್ಚಿ ಎಷ್ಟೋ ವರ್ಷವಾಯಿತು. ನಮ್ಮವರು, ಎಂದರೆ ನನ್ನ ಯಜಮಾನರು, ಅಲ್ಲೇ ಕೆಲಸದಲ್ಲಿದ್ದರು. ನನ್ನ ಇಬ್ಬರು ಮಕ್ಕಳು ನಡೆಯಲು ಕಲಿತದ್ದು ಆ ಗಣಿಯ ಕ್ವಾರ್ಟರ್ಸಿನಲ್ಲಿ.

ಅಲ್ಲಿ ಕಲ್ಲನ್ನು ಅಗೆದು ತಂದು, ಹಿಟ್ಟಿನ ಹಾಗೆ ಅರೆದು, ಒಳಗಿನ ಲೋಹ ತೆಗೆದುಕೊಂಡು, ಉಳಿದ ಪುಡಿಯನ್ನು ಒಂದು ಕಡೆ ಸುರಿಯುತ್ತಿದ್ದರು. ಸುರಿದು ಸುರಿದು ಅದು ಗುಡ್ಡವೇ ಆಯಿತು. ಪುಡಿಗುಡ್ಡ ಎನ್ನುತ್ತಿದ್ದೆವು. ಇಳಿಬಿಸಿಲಿಗೆ ಸಣ್ಣಗೆ ಮಿಂಚುತ್ತಿತ್ತು. ಮಕ್ಕಳು ಅದರ ಮೇಲಿಂದ ಅಡಿಕೆ ಹಾಳೆಯಲ್ಲಿ ಕುಳಿತು ಜಾರುತ್ತಿದ್ದರು. ಬೈದವರು ಯಾರೂ ಇಲ್ಲ, ಚಡ್ಡಿ ಹರಿದಾಗ ಬಿಟ್ಟರೆ.

“ಆ ಪುಡೀಲಿ ಗಂಧಕ ಇದೆ ಅಜ್ಜಿ” ಎಂದಳು ರಕ್ಷಿತಾ. “ಕಲ್ಲೊಳಗೆ ಇರೋ ತನಕ ಸುಮ್ನೆ ಇತ್ತು. ಅರೆದು ಹೊರಗೆ ಹಾಕಿದ್ಮೇಲೆ ಗಾಳಿ ತಾಗ್ತು, ಮಳೆ ತಾಗ್ತು. ಹುಳಿ ಬರಕ್ಕೆ ಶುರುವಾಯ್ತು. ಆ್ಯಸಿಡ್.”

“ದೋಸೆ ಹಿಟ್ಟು ಹುಳಿ ಬರತ್ತಲ್ಲ, ಹಾಗಾ?”

“ಹಾಗೇ ಅನ್ಕೋ. ಆದ್ರೆ ದೋಸೆ ಹುಯ್ಯಕ್ಕಾಗಲ್ಲ.”

“ಹುಳಿಯಾದ್ರೆ ಏನೀಗ? ನಾವು ದಿನಾ ಹುಣಸೆಹಣ್ಣು ತಿನ್ನಲ್ವಾ?”

“ಕಲಾಯಿ ಹೋಗಿರೋ ಹಿತ್ತಾಳೆ ಪಾತ್ರೇಲಿ ಹುಣಸೆಹಣ್ಣಿನ ಸಾರು ಇಡ್ತೀಯಾ?”

ಇಡುವುದಿಲ್ಲ. ಕಿಲುಬು ಹಿಡಿಯುತ್ತದೆ. ಹುಳಿಯು ಪಾತ್ರೆಯ ತಾಮ್ರವನ್ನು ತಿಂದು ಸಾರಿಗೆ ಬಿಡುತ್ತದೆ, ತಿಂದವರಿಗೆ ವಾಂತಿಯಾಗುತ್ತದೆ. ಪುಡಿಗುಡ್ಡದ ಹುಳಿ ನೀರೂ ಅಷ್ಟೇ ಅಂತೆ. ಇಳಿಯುವ ದಾರಿಯಲ್ಲಿ ತಾಮ್ರ, ಕಬ್ಬಿಣ, ಹೆಸರು ಗೊತ್ತಿಲ್ಲದ ಇನ್ನೂ ಏನೇನನ್ನೋ ಕರಗಿಸಿಕೊಂಡು ಯಾರದೋ ಬಾವಿಗೆ ಸೇರುತ್ತದೆ. ಇದು ನನಗೆ ತಟ್ಟನೆ ತಿಳಿಯಿತು. ಗಣಿಯವರಿಗೆ ಆ ಕಾಲದಲ್ಲಿ ಯಾರೂ ಸಾರಿನ ಉದಾಹರಣೆ ಕೊಟ್ಟಿರಲಿಲ್ಲವೇನೋ.

ಇಲ್ಲಿಯವರೆಗೆ ಅದು ಅವಳ ಓದು. ನಮ್ಮ ಮನೆಯ ವಿಷಯವಾದದ್ದು ಆಗಸ್ಟಿನಲ್ಲಿ, ನನ್ನ ತಂಗಿ ಪದ್ಮನ ಮನೆಗೆ ಹೋದಾಗ.

ಪದ್ಮನ ಮನೆ ಭದ್ರಾವತಿಯ ಅಂಚಿನಲ್ಲಿದೆ. ಹಿತ್ತಿಲಲ್ಲಿ ಕಲ್ಲು ಕಟ್ಟಿದ ಸೇದುವ ಬಾವಿ. ಆ ಬಾವಿಯ ನೀರಿನ ಬಗ್ಗೆ ಅವಳಿಗೆ ಇರುವ ಜಂಬ ಅವಳ ಮಕ್ಕಳ ಬಗ್ಗೆಯೂ ಇಲ್ಲ. ಬೀದಿಯವರು ಕಾಫಿಗೆಂದು ಒಂದು ಕೊಡ ಕೇಳಿ ಒಯ್ಯುತ್ತಿದ್ದರು. ಆದರೆ ಎರಡು ವರ್ಷದಿಂದ ಬೇಸಿಗೆಯಲ್ಲಿ ಬಿಳಿ ಪಂಚೆಗಳು ತುಕ್ಕಿನ ಬಣ್ಣ ಹಿಡಿಯತೊಡಗಿದ್ದವು. ಅವಳು ಸೋಪನ್ನು ಬೈದು, ಸೋಪು ಬದಲಾಯಿಸಿ ಸುಮ್ಮನಿದ್ದಳು.

ರಕ್ಷಿತಾ ಬಾವಿಕಟ್ಟೆಯ ಸುತ್ತ ಕುಕ್ಕರಗಾಲಲ್ಲಿ ಕುಳಿತು ನೆಲ ಕೆದಕಿದಳು. ಬೂದುಬಣ್ಣದ ನುಣುಪು ಪುಡಿ. ಅಲ್ಲಲ್ಲಿ ಹಳದಿ, ಅಲ್ಲಲ್ಲಿ ತುಕ್ಕು.

“ಚಿಕ್ಕಜ್ಜಿ, ಇದು ಎಲ್ಲಿಂದ ಬಂತು?”

“ಅದಾ? ನಿಮ್ಮಜ್ಜ ಹಾಕ್ಸಿದ್ದು. ಗಣಿಯಿಂದ ಲಾರೀಲಿ ತಂದು. ಮೊದ್ಲು ಇಲ್ಲಿ ಕಾಲಿಟ್ರೆ ಮೊಣಕಾಲ ತನಕ ಕೆಸರು ಮಾರಾಯ್ತಿ. ಸೌಮ್ಯ ಚಿಕ್ಕೋಳಿದ್ದಾಗ ಜಾರಿ ಬಿದ್ದು ಹಲ್ಲು ಮುರ್ಕೊಂಡ್ಳು. ಆ ವಾರಾನೇ ಭಾವ ತಂದು ಹಾಕ್ಸಿ, ತಾವೇ ನಿಂತು ದಿಮ್ಮಸು ಹೊಡಿಸಿ ಗಟ್ಟಿ ಮಾಡ್ಸಿದ್ರು.”

ನಿಜ. ಆಗ ಎಲ್ಲರೂ ಒಯ್ಯುತ್ತಿದ್ದರು. ಅಂಗಳಕ್ಕೆ, ದನದ ಕೊಟ್ಟಿಗೆಗೆ, ಗೋಡೆಯ ಗಿಲಾವಿಗೆ. ಬೇಕಾದವರು ತುಂಬಿಕೊಂಡು ಹೋಗಿ ಎನ್ನುತ್ತಿತ್ತು ಗಣಿ. ನಮ್ಮವರು ತಮಗೆಂದು ಒಂದು ಬುಟ್ಟಿಯನ್ನೂ ತಂದವರಲ್ಲ. ನಾದಿನಿಗೆಂದು ಒಂದು ಲಾರಿ ತಂದರು.

ರಕ್ಷಿತಾ ಬಾವಿ ನೀರನ್ನು ಬಾಟಲಿಗೆ ತುಂಬಿಕೊಂಡಳು, ಪರೀಕ್ಷೆ ಮಾಡಿಸಿದಳು. ಪರವಾಗಿಲ್ಲ ಎಂದು ಬಂತು. ಆದರೆ ಅವಳಿಗೆ ಸಮಾಧಾನವಿಲ್ಲ. ಮಳೆಗಾಲದಲ್ಲಿ ತುಂಬಿ ನಿಂತ ಬಾವಿಗಳೆಲ್ಲ ಒಳ್ಳೆಯವೇ, ನೀರು ಇಳಿದಾಗಲೇ ಗುಟ್ಟು ಹೊರಗೆ ಬರುವುದು ಎಂದಳು. ಬೇಸಿಗೆಯವರೆಗೆ ಕಾಯಬಹುದಿತ್ತು. ಪದ್ಮನಿಗೆ ಕಾಯುವಂತಿರಲಿಲ್ಲ.

ಯಾಕೆಂದರೆ ಪದ್ಮನ ಮಗಳು, ಹಲ್ಲು ಮುರಿದುಕೊಂಡ ಅದೇ ಸೌಮ್ಯ, ಬಸುರಿ. ಜನವರಿಗೆ ತವರಿಗೆ ಬರುವವಳು. ಹೆರಿಗೆ, ಬಾಣಂತನ ಎಲ್ಲ ಬೇಸಿಗೆಯ ಬಾಗಿಲಿಗೆ ಬರುತ್ತದೆ.

“ನೇರ ಹೇಳು ಪುಟ್ಟಿ” ಎಂದಳು ಪದ್ಮ. “ಬಾಣಂತಿಗೆ ಈ ನೀರು ಕೊಡ್ಬೋದಾ, ಇಲ್ವಾ? ಮಗೂಗೆ ಇದ್ರಲ್ಲೇ ಸ್ನಾನ ಮಾಡಿಸ್ಬೋದಾ? ಹೌದು ಅಂದ್ರೆ ಹೌದು, ಇಲ್ಲಾ ಅಂದ್ರೆ ಇಲ್ಲ.”

“ಮಣ್ಣನ್ನ ಕೇಳಿ ಹೇಳ್ತೀನಿ ಚಿಕ್ಕಜ್ಜಿ” ಎಂದು ಒಂದು ಡಬ್ಬಿ ಪುಡಿ ತುಂಬಿಕೊಂಡು ಬಂದಳು.

ಮಣ್ಣನ್ನು ಕೇಳುವುದು ಹೇಗೆ? ಅದಕ್ಕೇ ಪೈಪುಗಳು. ಆಲ್ಕೊಳ ಸರ್ಕಲ್ಲಿನ ಹತ್ತಿರದ ಅಂಗಡಿಯಲ್ಲಿ ದಪ್ಪ ಪೈಪು ಕತ್ತರಿಸಿ ತಂದಳು. ಒಂದೊಂದೂ ಮೊಳಕ್ಕಿಂತ ಉದ್ದ. ತಳಕ್ಕೆ ಜಾಲರಿ, ಮುಚ್ಚಳ, ಸಣ್ಣ ನಳಿಕೆ, ಅದರ ಕೆಳಗೆ ಬಾಟಲಿ. ಮೊದಲನೇ ಪೈಪಿಗೆ ಪುಡಿಗುಡ್ಡದ ಪುಡಿ. ಎರಡನೆಯದಕ್ಕೆ ಗಣಿಯ ಸಂಪರ್ಕವೇ ಇಲ್ಲದ ಗದ್ದೆಯ ಮಣ್ಣು, ಹೋಲಿಸಿ ನೋಡಲು. ಮೂರನೆಯದಕ್ಕೆ ಪದ್ಮನ ಅಂಗಳದ್ದು. ಮೇಲಿಂದ ವಾರಕ್ಕೊಮ್ಮೆ ಅಳತೆಯ ನೀರು ಹಾಕಬೇಕು. ಕೆಳಗೆ ಇಳಿದದ್ದನ್ನು ಹಿಡಿದಿಡಬೇಕು. ವರ್ಷಗಟ್ಟಲೆಯ ಮಳೆಯನ್ನು ಒಂದಿಷ್ಟು ವಾರಗಳಲ್ಲಿ ಸುರಿಸಿ, ಮಣ್ಣು ಮುಂದೆ ಏನು ಮಾಡುತ್ತದೆಂದು ಈಗಲೇ ತಿಳಿಯುವ ಉಪಾಯ.

ದಸರೆ ರಜೆಗೆ ಲ್ಯಾಬಿಗೆ ಬೀಗ. ಹಾಗಾಗಿ ಪೈಪುಗಳು ವಿನೋಬನಗರದ ನಮ್ಮ ಮನೆಯ ಹಿಂದಿನ ಜಗುಲಿಗೆ ಬಂದವು, ಹೂಕುಂಡ ಇಡುತ್ತಿದ್ದ ಕಬ್ಬಿಣದ ಸ್ಟ್ಯಾಂಡಿನ ಮೇಲೆ. ರಕ್ಷಿತಾ ಗೆಳತಿಯರ ಜತೆ ಮೈಸೂರಿಗೆ ಹೊರಟಳು. ಮಳೆಯ ಕೆಲಸ ನನಗೆ.

“ಗುರುವಾರ ಗುರುವಾರ ಅರ್ಧರ್ಧ ಲೀಟರ್. ಈ ಕ್ಯಾನ್ ನೀರು ಬಿಟ್ಟು ಬೇರೆ ಒಂದು ತೊಟ್ಟೂ ನೀರು ಹಾಕ್ಬಾರ್ದು ಅಜ್ಜಿ. ನಲ್ಲಿ ನೀರೂ ಬೇಡ, ಕಾಯಿಸಿದ ನೀರೂ ಬೇಡ.” ಕ್ಯಾನಿನಲ್ಲಿದ್ದದ್ದು ಬ್ಯಾಟರಿಗೆ ಹಾಕುತ್ತಾರಲ್ಲ, ಆ ನೀರು.

“ಆಯ್ತು ಮಾರಾಯ್ತಿ, ನಾನೇನು ಎಮ್ಮೆಗೆ ನೀರು ಕುಡಿಸ್ತಿದೀನಾ” ಎಂದೆ. ಒಳಗೊಳಗೆ ಹೆಮ್ಮೆ. ಎಪ್ಪತ್ತು ದಾಟಿದ ಮೇಲೆ ಮನೆಯವರು ನಮಗೆ ಕೆಲಸ ಹೇಳುವುದನ್ನು ನಿಲ್ಲಿಸುತ್ತಾರೆ. ಅದನ್ನು ಪ್ರೀತಿಯಿಂದಲೇ ಮಾಡುತ್ತಾರೆ. ಹಾಗಿರುವಾಗ ಮಳೆ ಸುರಿಸುವ ಕೆಲಸವನ್ನು ನನಗೆ ವಹಿಸಿದ್ದಳು.

ಮೊದಲ ಗುರುವಾರಕ್ಕೆ ಮುಂಚೆ ಆಯುಧಪೂಜೆ ಬಂತು. ಪೈಪುಗಳನ್ನು ಒರೆಸಿ, ಕುಂಕುಮವಿಟ್ಟು, ಸೇವಂತಿಗೆ ಸಿಕ್ಕಿಸಿದೆ. ತಟ್ಟೆಯಲ್ಲಿ ನೀರು, ಅರಿಶಿನ, ಸುಣ್ಣ ಕಲಸಿ ಕೆಂಪಾರತಿ ಮಾಡಿದೆ. ಚಿಟಿಕೆ ಸುಣ್ಣ ಸಾಕು. ಆ ದಿನ ಎಲೆಯಡಿಕೆ ಸುಣ್ಣದ ಟ್ಯೂಬು ಒತ್ತಿದಾಗ ಗೋಲಿಯಷ್ಟು ಬಿತ್ತು. ತೆಗೆದು ಎಲ್ಲಿ ಒರೆಸುವುದು? ಅಷ್ಟನ್ನೂ ಕಲಸಿದೆ.

ಆರತಿ ನೀರನ್ನು ಕಾಲು ತುಳಿಯುವಲ್ಲಿ ಚೆಲ್ಲಬಾರದು. ಊರಲ್ಲಾದರೆ ಯಾವುದಾದರೂ ಗಿಡದ ಬುಡ. ನಮ್ಮ ಮನೆಯಲ್ಲಿ ಗೇಟಿನಿಂದ ಹಿಂದಿನ ಗೋಡೆಯವರೆಗೆ ಸಿಮೆಂಟು. ತುಳಸಿಗೆ ಸುಣ್ಣದ ನೀರು ಹಾಕುವಂತಿಲ್ಲ. ಪ್ರತಿ ವರ್ಷ ಪಕ್ಕದ ಮನೆಯವರ ಹೂಕುಂಡಕ್ಕೆ ಹಾಕುತ್ತಿದ್ದೆ, ಅವರು ಬಾಗಿಲು ಹಾಕಿ ಊರಿಗೆ ಹೋಗಿದ್ದರು. ತಟ್ಟೆ ಹಿಡಿದು ಸುತ್ತ ನೋಡಿದೆ. ಮನೆಯಲ್ಲಿ ಮಣ್ಣೆಂದು ಇದ್ದದ್ದು ಮೂರು ಪೈಪುಗಳ ಬಾಯಲ್ಲಿ.

ಮೂರನೆಯದರ ಮೇಲೆ ರಕ್ಷಿತಾ ಚೀಟಿ ಅಂಟಿಸಿದ್ದಳು. ‘ಚಿಕ್ಕಜ್ಜಿ ಅಂಗಳ’.

ನನ್ನ ತಂಗಿಯ ಅಂಗಳ. ನಮ್ಮವರು ನಿಂತು ಹಾಕಿಸಿದ ಮಣ್ಣು. ಬಸುರಿ ಹುಡುಗಿ ಬರುವ ಮನೆ. ಆರತಿ ಅಲ್ಲಿಗಲ್ಲದೆ ಇನ್ನೆಲ್ಲಿಗೆ ಸೇರಬೇಕು? ಅಷ್ಟನ್ನೂ ಅದಕ್ಕೇ ಸುರಿದೆ. ಮಾರನೆಯ ದಿನ ವಿಜಯದಶಮಿಗೆ ಮತ್ತೊಂದು ತಟ್ಟೆ.

ಬೇರೆ ನೀರು ಹಾಕಬಾರದೆಂಬ ಮಾತು ಮರೆತಿತ್ತೇ? ಇಲ್ಲ. ಆದರೆ ಆರತಿಯನ್ನು ನಾನು ನೀರೆಂದು ಎಣಿಸಿರಲೇ ಇಲ್ಲ.

ಒಂದು ನೋಡಿದ್ದೆ. ಪುಡಿ ನುಣುಪಾದ್ದರಿಂದ ಕೆಂಪು ನೀರು ಕೂಡಲೇ ಇಳಿಯದೆ ಮೇಲೆ ನಿಂತಿತು. ನಿಂತದ್ದು ಅಂಚಿನಿಂದ ನಿಧಾನವಾಗಿ ಹಳದಿಯಾಯಿತು. ದೃಷ್ಟಿ ಎಳೆದುಕೊಂಡಿತು ಎಂದುಕೊಂಡೆ. ಒಳ್ಳೆಯದೇ ಆಯಿತು ಎಂದುಕೊಂಡೆ.

ರಕ್ಷಿತಾ ಮೈಸೂರಿನಿಂದ ಬಂದಳು. ಮಣ್ಣಿನ ಮೇಲಿನ ಅರಿಶಿನ ಅವಳಿಗೆ ಕಾಣಲಿಲ್ಲ, ಆ ಪುಡಿಯ ಬಣ್ಣವೇ ಹಾಗೆ. ನಾಲ್ಕು ಗುರುವಾರ ನಾನು ಮಳೆ ಸುರಿಸಿದೆ. ನಾಲ್ಕನೆಯ ಗುರುವಾರ ಕಾಲೇಜಿನಿಂದ ಹುಳಿ ಅಳೆಯುವ ಮೀಟರ್ ತಂದು ಎಲ್ಲ ಬಾಟಲಿಗಳನ್ನು ಸಾಲಾಗಿಟ್ಟಳು. ಮೀಟರಿನಲ್ಲಿ ಏಳು ಬಂದರೆ ಹುಳಿಯಿಲ್ಲ, ಇಳಿದಷ್ಟೂ ಹುಳಿ ಎಂದು ನನಗೆ ಪಾಠವಾಗಿತ್ತು.

ಪುಡಿಗುಡ್ಡದ ನೀರು ಮೂರು ಚಿಲ್ಲರೆ. ಗದ್ದೆ ಮಣ್ಣಿನದು ಏಳರ ಹತ್ತಿರ. ಪದ್ಮನ ಅಂಗಳದ್ದು ಏಳಕ್ಕೂ ಮೇಲೆ. ನಾಲ್ಕು ವಾರದ ಬಾಟಲಿಗಳಲ್ಲೂ.

ಅವಳು ನನ್ನನ್ನು ಎತ್ತಿ ತಿರುಗಿಸುವುದೊಂದು ಬಾಕಿ. ಫೋನು ಹಚ್ಚಿ ಸ್ಪೀಕರಿಗೆ ಹಾಕಿದಳು.

“ಚಿಕ್ಕಜ್ಜಿ, ನಿಮ್ಮ ಅಂಗಳ ಹುಳಿ ಬಿಡ್ತಿಲ್ಲ. ಎಷ್ಟೋ ವರ್ಷದ ಮಳೇಲಿ ತೊಳೆದು ಹೋಗಿರ್ಬೇಕು.”

“ನಾ ಹೇಳ್ಲಿಲ್ವಾ? ಭಾವ ಹಾಕ್ಸಿದ್ದು ಕೆಟ್ಟದ್ದು ಹೇಗಾಗತ್ತೆ? ಇವತ್ತೇ ಸೌಮ್ಯಂಗೆ ಫೋನ್ ಮಾಡ್ತೀನಿ. ಪಾಪ, ನೀರಿನ ಕ್ಯಾನ್ ತರಿಸ್ಕೊಂಡೇ ಬರ್ತೀನಿ ಅಂತಿದ್ಲು.”

ನನಗೂ ಎದೆ ಹಗುರವಾಯಿತು. ಎರಡು ತಿಂಗಳಿಂದ ಆ ಲಾರಿ ನನ್ನ ಎದೆಯ ಮೇಲೇ ನಿಂತಿತ್ತು. ಹೋದವರ ಮೇಲೆ ತಪ್ಪು ಬಂದರೆ ಅವರು ಬಂದು ಉತ್ತರ ಹೇಳಲಾರರು. ಇದ್ದವರೇ ಹೊರಬೇಕು.

ಸಂಜೆ ಚಹಾ ಕುಡಿಯುತ್ತ ಕೇಳಿದೆ. “ಗುಡ್ಡದ್ದು ಅಷ್ಟು ಹುಳಿ ಅಂತೀಯಲ್ಲ, ಅದಕ್ಕೇನು ಔಷಧಿ?”

“ಸುಣ್ಣ ಅಜ್ಜಿ. ಅಷ್ಟೇ. ಗಣಿಗಳಲ್ಲಿ ಹುಳಿ ನೀರಿಗೆ ಸುಣ್ಣ ಹಾಕ್ತಾರೆ, ಹುಳಿ ಸಾಯತ್ತೆ. ಸ್ವಲ್ಪ ಸುಣ್ಣ ಎಷ್ಟೊಂದು ನೀರಿನ ಹುಳಿ ತಿನ್ನತ್ತೆ ಗೊತ್ತಾ?”

ನನಗೆ ಗೊತ್ತಿತ್ತು. ಗೋಲಿಯಷ್ಟು, ಮಾರನೆಯ ದಿನ ಮತ್ತೆ ಅಷ್ಟು.

ಚಹಾ ಕುಡಿದು ಲೋಟ ತೊಳೆದಿಟ್ಟೆ. ಮಕ್ಕಳೇ, ಇಲ್ಲಿ ಒಂದು ವಿಷಯವನ್ನು ಮುಚ್ಚದೆ ಹೇಳುತ್ತೇನೆ. ಎರಡು ದಿನ ನಾನು ಬಾಯಿ ಬಿಡಲಿಲ್ಲ. ನನ್ನ ಸಂಕೋಚ ಎಂದರೆ ಎಲ್ಲರೂ ನಂಬುತ್ತಿದ್ದರು. ಅದು ಸಂಕೋಚವಾಗಿರಲಿಲ್ಲ. ಒಳ್ಳೆಯ ಸುದ್ದಿ ಬಂದಿತ್ತು, ಅದನ್ನು ಕೆಡಿಸಲು ನನಗೆ ಇಷ್ಟವಿರಲಿಲ್ಲ. ಪದ್ಮ ಖುಷಿಯಾಗಿದ್ದಳು. ಮೊಮ್ಮಗಳ ಮೇಷ್ಟ್ರು ಭೇಷ್ ಎಂದಿದ್ದರು. ನಮ್ಮವರ ಲಾರಿ ಎದೆಯಿಂದ ಕದಲಿತ್ತು. ನಿಜವಾಗಿಯೂ ಮಣ್ಣು ಒಳ್ಳೆಯದೇ ಇರಬಹುದಲ್ಲ? ನನ್ನ ಸುಣ್ಣದಿಂದಲೇ ಹೀಗಾಯಿತೆಂದು ಯಾರು ಹೇಳಬೇಕು?

ಯಾರೂ ಹೇಳುವುದಿಲ್ಲ. ಅದೇ ಕಷ್ಟ.

ಶನಿವಾರ ಮಧ್ಯಾಹ್ನ ಮನೆಯಲ್ಲಿ ನಾನೊಬ್ಬಳೇ. ಪದ್ಮನ ಮಣ್ಣಿನ ಡಬ್ಬಿಯಲ್ಲಿ ತಳದಲ್ಲಿ ಇನ್ನೂ ಉಳಿದಿತ್ತು. ಎರಡು ಚಮಚ ತೆಗೆದು, ಲೋಟದಲ್ಲಿ ಕ್ಯಾನಿನ ನೀರು ಹಾಕಿ ಕಲಕಿ ಬಿಟ್ಟೆ. ತಿಳಿಯಾಗಲಿ ಎಂದು ಕಾದೆ. ಎರಡು ಬಿಳಿ ಬಟ್ಟಲಲ್ಲಿ ಆರತಿ ನೀರು ಮಾಡಿದೆ. ಸುಣ್ಣ ಈ ಸಲ ಚಿಟಿಕೆಯೂ ಅಲ್ಲ, ಬೆರಳ ತುದಿ ಒರೆಸಿದಷ್ಟು. ಎರಡೂ ಕೆಂಪಾಯಿತು.

ಒಂದಕ್ಕೆ ಗದ್ದೆ ಮಣ್ಣಿನ ಬಾಟಲಿಯ ನೀರು ಹಾಕಿದೆ. ಕೆಂಪು ಕೆಂಪಾಗಿಯೇ ಇತ್ತು, ಸ್ವಲ್ಪ ತೆಳುವಾಯಿತು ಅಷ್ಟೇ.

ಇನ್ನೊಂದಕ್ಕೆ ಪದ್ಮನ ಮಣ್ಣಿನ ತಿಳಿ. ಒಂದು ಚಮಚ. ಎರಡು. ಮೂರನೆಯದಕ್ಕೆ ಬಟ್ಟಲು ಹಳದಿಯಾಯಿತು. ಲಿಂಬೆಹಣ್ಣು ಹಿಂಡಿದರೆ ಆಗುತ್ತದಲ್ಲ, ಹಾಗೆ.

ಆಯುಧಪೂಜೆಯ ದಿನ ಪೈಪಿನ ಬಾಯಲ್ಲಿ ಕಂಡದ್ದೂ ಇದೇ. ಅದನ್ನು ದೃಷ್ಟಿ ಎಂದುಕೊಂಡಿದ್ದೆ. ಐವತ್ತು ವರ್ಷ ಆರತಿ ಕಲಸಿದವಳಿಗೆ ಕೆಂಪು ಯಾವಾಗ ಹಳದಿಯಾಗುತ್ತದೆಂದು ಗೊತ್ತಿಲ್ಲವೇ? ಗೊತ್ತಿತ್ತು. ತಿಳಿದುಕೊಳ್ಳಲು ಮನಸ್ಸಿರಲಿಲ್ಲ.

ರಕ್ಷಿತಾ ಬಂದು ಚಪ್ಪಲಿ ಬಿಡುವ ಮೊದಲೇ ಹೇಳಿಬಿಟ್ಟೆ. ಚಪ್ಪಲಿ ಬಿಟ್ಟು ಕುಳಿತರೆ ಆಮೇಲೆ ಹೇಳಲಾಗದು ಎಂಬ ಭಯ.

ಅವಳು ಅಲ್ಲೇ ಬಾಗಿಲಲ್ಲಿ ನಿಂತು ಕೇಳಿದಳು. “ಎಷ್ಟು ಸುಣ್ಣ?”

ಬೆರಳಲ್ಲಿ ತೋರಿಸಿದೆ.

“ಎರಡು ಸಲ?”

“ಹೂಂ.”

“ಒಂದು ತಿಂಗಳು ಅಜ್ಜಿ” ಎಂದಳು. ದನಿ ಏರಿರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. “ಒಂದು ತಿಂಗಳು ಪೂರ್ತಿ ಹೋಯ್ತು. ಚಿಕ್ಕಜ್ಜಿಗೆ ಹೇಳಿಬಿಟ್ಟಿದೀನಿ. ಸರ್‌ಗೆ ಹೇಳಿಬಿಟ್ಟಿದೀನಿ. ಒಂದೇ ಒಂದು ಮಾತು ಹೇಳಿದ್ದೆ ನಿಂಗೆ.”

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ನಾನು ಅಡುಗೆಮನೆಯಲ್ಲಿ ನಿಂತೆ. ಒಲೆ ಹಚ್ಚಬೇಕೋ ಬೇಡವೋ ಅದೂ ತೋಚಲಿಲ್ಲ. ಅವಳ ಅಜ್ಜ ಇದ್ದಿದ್ದರೆ ಬಾಗಿಲ ಹೊರಗೆ ನಿಂತು ಏನಾದರೂ ತಮಾಷೆ ಮಾಡಿ ಹೊರಗೆ ಕರೆತರುತ್ತಿದ್ದರು. ನನಗೆ ಆ ವಿದ್ಯೆ ಇಲ್ಲ.

ಅರ್ಧ ಗಂಟೆಯ ಮೇಲೆ ಬಂದಳು. ಮುಖ ತೊಳೆದಿತ್ತು, ಕಣ್ಣು ಕೆಂಪಿತ್ತು. ಬಟ್ಟಲುಗಳ ಮುಂದೆ ನಿಂತಳು.

“ಇದೇನು?”

ಹೇಳಿದೆ. ಮತ್ತೊಮ್ಮೆ ಮಾಡಿ ತೋರಿಸು ಎಂದಳು. ಮಾಡಿದೆ. ಅವಳೇ ಚಮಚ ತೆಗೆದುಕೊಂಡು ಇನ್ನೊಮ್ಮೆ ಮಾಡಿದಳು. ಮೀಟರನ್ನು ಲೋಟಕ್ಕೆ ಅದ್ದಿದಳು. ನಾಲ್ಕಕ್ಕಿಂತ ಕೆಳಗೆ.

“ನಿಂಗೆ ಹೇಗೆ ಹೊಳೀತು ಇದು?”

“ಹೊಳೆಯೋದೇನು, ಪ್ರತಿ ಹಬ್ಬಕ್ಕೂ ಮಾಡ್ತೀನಲ್ಲ.”

“ನೀನು ಹೇಳ್ದೆ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರ್ಲಿಲ್ಲ ಅಜ್ಜಿ.” ನನ್ನ ಭುಜಕ್ಕೆ ತಲೆ ಆನಿಸಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಎಂದಳು, “ಆದ್ರೂ ಇನ್ಮೇಲೆ ಪೈಪಿನ ಹತ್ರ ಬಂದ್ರೆ ಕೈ ಕಟ್ಟಿ ನಿಲ್ಬೇಕು.”

“ಆಯ್ತು ತಾಯಿ.”

“ಚಿಕ್ಕಜ್ಜಿಗೆ ಯಾರು ಹೇಳ್ತಾರೆ ಈಗ?”

“ನಾನೇ ಹೇಳ್ತೀನಿ. ಫೋನಲ್ಲಿ ಬೇಡ.”

ಭಾನುವಾರ ಬೆಳಿಗ್ಗೆ ಭದ್ರಾವತಿ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಮಾತು ಜೋಡಿಸಿದೆ. ಹೋಗಿ ನೋಡಿದರೆ ಪದ್ಮ ಹಿಂದಿನ ಕೋಣೆಗೆ ಸುಣ್ಣ ಬಳಿಸಿ, ಬಾಣಂತಿ ಮಂಚ ಬಿಸಿಲಿಗೆ ಹಾಕಿ, ಅದೇ ಬಾವಿ ನೀರಲ್ಲಿ ಕಾಫಿ ಮಾಡಿ ಲೋಟ ಚಾಚಿದಳು. ಜೋಡಿಸಿದ್ದ ಮಾತೆಲ್ಲ ಹೋಯಿತು. ಲೋಟ ಕೆಳಗಿಟ್ಟೆ.

“ಪದ್ಮಾ, ಮೊನ್ನೆ ಹೇಳಿದ್ದು ಸುಳ್ಳು. ನನ್ನಿಂದ ಸುಳ್ಳಾಯ್ತು. ಮಣ್ಣು ಹುಳಿ ಇದೆ.”

ಅವಳು ನನ್ನನ್ನು ನೋಡಿದಳು. ರಕ್ಷಿತಾಳನ್ನು ನೋಡಿದಳು. ಆರತಿ, ಪೈಪು, ಬಟ್ಟಲು ಎಲ್ಲವನ್ನೂ ಹೇಳಿದೆ. ಮುಗಿದ ಮೇಲೆ ಪದ್ಮ ಕೇಳಿದಳು.

“ಮೂವತ್ತು ವರ್ಷ ಕುಡಿದಿದೀವಲ್ಲ. ನಮಗೇನಾಗಿದೆ?”

“ಏನೂ ಆಗ್ಲಿಲ್ಲ ಅಂತ ಯಾರು ನೋಡಿದಾರೆ ಚಿಕ್ಕಜ್ಜಿ” ಎಂದಳು ರಕ್ಷಿತಾ. “ಇಷ್ಟು ದಿನ ಮಣ್ಣಲ್ಲೇ ಇದ್ದ ಯಾವ್ದೋ ಸುಣ್ಣದ ಅಂಶ ಹುಳೀನ ತಡೀತಾ ಇತ್ತು ಅನ್ಸತ್ತೆ. ಅದು ಮುಗೀತಾ ಬಂದಿದೆ. ಅದಕ್ಕೇ ಎರಡು ವರ್ಷದಿಂದ ಪಂಚೆ ಕೆಂಪಾಗ್ತಿರೋದು.”

“ಅಂದ್ರೆ ಭಾವ ವಿಷ ತಂದು ಹಾಕಿದ್ರು ಅಂತೀರಾ?” ಪದ್ಮ ನನ್ನ ಕಡೆ ತಿರುಗಿದಳು. “ಅಕ್ಕ, ನೀನೂ ಅದನ್ನೇ ಹೇಳಕ್ಕೆ ಬಂದ್ಯಾ? ನನ್ನ ಮಗು ಬಿತ್ತು ಅಂತ ತಂದು ಹಾಕಿದೋರು ಅವ್ರು.”

ಬಾಯಿಗೆ ಬಂದದ್ದನ್ನು ಹೇಳಿದೆ.

“ಅವ್ರಿಗೆ ಗೊತ್ತಿರ್ಲಿಲ್ಲ ಪದ್ಮಾ. ನಮಗೆ ಗೊತ್ತಾಗಿದೆ. ಗೊತ್ತಾದ ಮೇಲೂ ಸೌಮ್ಯಂಗೆ ಈ ನೀರು ಕೊಟ್ರೆ ಅದು ಅವರ ತಪ್ಪಲ್ಲ, ನಮ್ಮದು.”

ಪದ್ಮ ಎದ್ದು ಒಳಗೆ ಹೋದಳು. ಬರುವುದಿಲ್ಲವೇನೋ ಎಂದುಕೊಂಡೆ. ಬಂದಳು. ಮೂರು ಲೋಟದ ಕಾಫಿಯನ್ನೂ ಬಚ್ಚಲಿಗೆ ಚೆಲ್ಲಿದಳು. ನಲ್ಲಿ ನೀರಿನ ಕೊಡದಿಂದ ಹೊಸದಾಗಿ ಕಾಫಿಗೆ ಇಟ್ಟಳು. ಕುಡಿಯುವಾಗ ಮೂವರಲ್ಲಿ ಯಾರೂ ರುಚಿಯ ಬಗ್ಗೆ ಮಾತಾಡಲಿಲ್ಲ. (ಚೆನ್ನಾಗಿರಲಿಲ್ಲ.)

ಹೊಸ ಪೈಪು, ಹೊಸ ಮಣ್ಣು, ಮೊದಲಿನಿಂದ ಮತ್ತೆ ಗುರುವಾರಗಳು. ನಾನು ಕೈ ಕಟ್ಟಿ ನಿಂತು ನೋಡಿದೆ. ಮೊದಲ ಬಾಟಲಿಯೇ ಹುಳಿ, ಎರಡನೆಯದು ಇನ್ನೂ ಹುಳಿ. ರಕ್ಷಿತಾ ವರದಿಯಲ್ಲಿ ಮೊದಲ ತಿಂಗಳ ಕತೆಯನ್ನೂ ಬರೆದಳು, ‘ಸುಣ್ಣ ಬೆರೆತದ್ದರಿಂದ ಆ ಫಲಿತಾಂಶ ಕೈಬಿಡಲಾಗಿದೆ’ ಎಂದು. ಯಾರು ಬೆರೆಸಿದ್ದು ಎಂದು ಬರೆಯಲಿಲ್ಲ. ಅದನ್ನು ನಾನು ಇಲ್ಲಿ ಬರೆದಿದ್ದೇನೆ.

ಡಿಸೆಂಬರಿನಲ್ಲಿ ಅಂಗಳ ತೆಗೆಸಿದರು. ಎಲ್ಲೆಂದರಲ್ಲಿ ಸುರಿದರೆ ಇನ್ನೊಬ್ಬರ ಬಾವಿಗೆ ಹೋಗುತ್ತದೆಂದು ರಕ್ಷಿತಾಳ ಮೇಷ್ಟ್ರು ಓಡಾಡಿ, ಅದನ್ನು ಪುಡಿಗುಡ್ಡಕ್ಕೇ ಒಯ್ದು ಹಾಕಲು ಒಪ್ಪಿಗೆ ತಂದುಕೊಟ್ಟರು. ನಾನೂ ಹೋಗಿದ್ದೆ. ಇಬ್ಬರು ಆಳುಗಳು ಗುದ್ದಲಿ ಹಾಕಿದರು. ಇಳಿಯಲಿಲ್ಲ. ಹಾರೆ ತಂದರು. ಅದೂ ಗೇಣಷ್ಟೇ ಹೋಯಿತು.

“ಏನಮ್ಮಾ ಇದು, ಸಿಮೆಂಟ್ ಹಾಕಿದೀರಾ?” ಎಂದ ಒಬ್ಬ, ಬೆವರು ಒರೆಸಿಕೊಳ್ಳುತ್ತ.

ಪದ್ಮ ಸೆರಗು ಸಿಕ್ಕಿಸಿಕೊಂಡು ನಿಂತಿದ್ದಳು. “ನಮ್ಮ ಭಾವ ನಿಂತು ದಿಮ್ಮಸು ಹೊಡಿಸಿದ್ದು ಕಣಪ್ಪ. ಮೂರು ದಿನ. ಊಟಕ್ಕೆ ಬನ್ನಿ ಅಂದ್ರೂ ಬರ್ಲಿಲ್ಲ. ನೀವು ಎರಡು ದಿನಾನಾದ್ರೂ ತಗೊಳ್ರಿ.” ಹೇಳಿ ನನ್ನ ಕಡೆ ನೋಡಿ ನಕ್ಕಳು. ನಗುತ್ತಲೇ ಅತ್ತಳು. ನಾನೂ.

ಮೂರು ದಿನವೇ ಹಿಡಿಯಿತು.

ಬಾವಿಯನ್ನು ಮುಚ್ಚಿಸಿಲ್ಲ. ಕುಡಿಯುವುದನ್ನು ನಿಲ್ಲಿಸಿದ್ದಾರೆ. ಮಣ್ಣು ತೆಗೆದ ಮಾತ್ರಕ್ಕೆ ನೀರು ಸರಿಯಾಗುವುದಿಲ್ಲ, ಎರಡು ಮೂರು ಬೇಸಿಗೆ ನೋಡಬೇಕು ಎನ್ನುತ್ತಾಳೆ ರಕ್ಷಿತಾ. ಪುಡಿಗುಡ್ಡವಂತೂ ಹಾಗೆಯೇ ಇದೆ. ಅದರ ಕೆಳಗಿನ ಊರುಗಳ ಬಾವಿಗಳನ್ನು ಒಂದೊಂದಾಗಿ ನೋಡುವ ಕೆಲಸಕ್ಕೆ ಅವಳು ಮತ್ತು ಗೆಳತಿಯರು ಹೊರಟಿದ್ದಾರೆ. ಆ ಊರುಗಳ ಅಂಗಳಗಳಿಗೂ ಯಾರ್ಯಾರ ಭಾವಂದಿರು ಎಷ್ಟೆಷ್ಟು ಲಾರಿ ಒಯ್ದರೋ.

ಸೌಮ್ಯನಿಗೆ ಹೆಣ್ಣು ಮಗು. ಹೋದ ವಾರ ನೋಡಿ ಬಂದೆ. ಎಣ್ಣೆ ಹಚ್ಚಿಸಿಕೊಂಡು, ನಲ್ಲಿ ನೀರಿನಲ್ಲಿ ಮಿಂದು, ಸಾಂಬ್ರಾಣಿ ಹೊಗೆಗೆ ಮೂಗು ಮುರಿದು ಮಲಗಿತ್ತು. ಅದರ ಅಂಗೈ ಬಿಡಿಸಿ ನೋಡಿದೆ. ನನ್ನ ಬಾಯಿ ಮುಚ್ಚಿಯೇ ಇದ್ದಿದ್ದರೆ ಈ ಕೂಸಿಗೆ ಯಾವ ನೀರು ಹೋಗುತ್ತಿತ್ತು ಎಂಬುದು ಅದಕ್ಕೆ ಎಂದೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬೇಡ.

ನಿಮಗೆ ಮಾತ್ರ ಒಂದು ಪ್ರಶ್ನೆ, ಮಕ್ಕಳೇ. ಕೆಟ್ಟ ಸುದ್ದಿ ಬಂದಾಗ ಇನ್ನೊಂದು ಸಲ ಪರೀಕ್ಷೆ ಮಾಡಿಸೋಣ ಎಂದು ಎಲ್ಲರೂ ಓಡುತ್ತೇವೆ. ನಮಗೆ ಬೇಕಾದ ಉತ್ತರವೇ ಬಂದಾಗ, ಹಾಗೆ ಓಡಿದವರನ್ನು ನೀವು ಯಾವತ್ತಾದರೂ ನೋಡಿದ್ದೀರಾ?